ಹೊಟ್ಟು, ಗಂಧಕ, ರೌದ್ರದ ಪಾತ್ರೆ: ಈ ಮಾತುಗಳು ಯಾರ ಬಾಯಿಂದ ಬಂದವು?

ಪ್ರಶ್ನೆ: ನಾವು ಗದಗ ಕಡೆಯವರು, ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನೆಲೆಸಿದ್ದೇವೆ. ಕಳೆದ ಮಳೆಗಾಲದಲ್ಲಿ ಪಕ್ಕದ ಓಣಿಯ ಹಳೇ ಕಟ್ಟಡವೊಂದು ಕುಸಿದು ಜನ ಸತ್ತರು. ಆ ವಾರ ನಮ್ಮ ಮನೆಯ ಪ್ರಾರ್ಥನಾ ಕೂಟಕ್ಕೆ ಬಂದಿದ್ದ ಪ್ರಸಂಗಿಯೊಬ್ಬರು ದೇವರು ಬೆಂಕಿ ಗಂಧಕ ಸುರಿಸಿ ನಾಶಮಾಡಿದ ಸೊದೋಮ್ ಊರಿನ ಕಥೆ ಓದಿ, ದುಷ್ಟರು ಗಾಳಿಗೆ ಹಾರುವ ಹೊಟ್ಟಿನಂತೆ, ದೇವರು ಈ ನಗರಕ್ಕೆ ತೀರ್ಪು ಕೊಡುತ್ತಿದ್ದಾನೆ ಎಂದರು. ಸತ್ತವರಲ್ಲಿ ನನ್ನ ಮಗಳ ಗೆಳತಿಯ ಅಜ್ಜಿಯೂ ಇದ್ದರು. ಮಗಳು ಪ್ರಸಂಗದ ನಡುವೆಯೇ ಎದ್ದು ಹೊರಗೆ ಹೋದಳು, ಅಂದಿನಿಂದ ಸಭೆಗೆ ಬರುತ್ತಿಲ್ಲ. ನನ್ನ ಸಂಕಟ ಇನ್ನೊಂದು. ಫ್ಲ್ಯಾಟ್ ಕೊಡುತ್ತೇನೆಂದು ಬಿಲ್ಡರ್ ಒಬ್ಬ ನಮ್ಮ ಉಳಿತಾಯವನ್ನೆಲ್ಲ ತೆಗೆದುಕೊಂಡು ವರ್ಷಗಟ್ಟಲೆ ಸತಾಯಿಸುತ್ತಿದ್ದಾನೆ. ರಾತ್ರಿ ಹೊತ್ತು ಅವನ ಮುಖ ನೆನೆದು, ವೈರಿಗೆ ಶಾಪ ಹಾಕುವ 109ನೆಯ ಕೀರ್ತನೆ ಓದುತ್ತೇನೆ. ಇದು ಪಾಪವೇ?

ಉತ್ತರ: ಸಹೋದರಿ, ಎರಡಕ್ಕೂ ನೇರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಪ್ರಸಂಗಿ ಹೇಳಿದ್ದು ತಪ್ಪು. ಇದು ನನ್ನ ಅಭಿಪ್ರಾಯವಷ್ಟೇ ಅಲ್ಲ, ಅವರ ಕೈಯಲ್ಲಿದ್ದ ಸತ್ಯವೇದವೇ (ಬೈಬಲ್) ಅದನ್ನು ತಪ್ಪೆನ್ನುತ್ತದೆ. ನೀವು ರಾತ್ರಿ ಓದುವ ಕೀರ್ತನೆ ಪಾಪವಲ್ಲ. ಬೆಂಕಿ, ಗಂಧಕ, ಹೊಟ್ಟು, ಕುಡುಗೋಲು, ದೇವರ ಕೋಪ ತುಂಬಿದ ರೌದ್ರದ ಪಾತ್ರೆ ಎಂದು ಸತ್ಯವೇದದಲ್ಲಿ ಬರುವ ತೀರ್ಪಿನ ಚಿತ್ರಗಳನ್ನು ಓದುವಾಗ ಎರಡು ಸಂಗತಿ ಕೇಳಿಕೊಳ್ಳಬೇಕು: ಇದನ್ನು ಹೇಳುತ್ತಿರುವವರು ಯಾರು, ಯಾರ ಕಡೆಗೆ ತಿರುಗಿ ಹೇಳುತ್ತಿದ್ದಾರೆ? ತುಳಿಸಿಕೊಂಡವರು ತುಳಿದವರ ಮೇಲೆ ದೇವರಲ್ಲಿ ಇಟ್ಟ ಮೊರೆಯಾಗಿ ಇವುಗಳಲ್ಲಿ ಹೆಚ್ಚಿನವು ಹುಟ್ಟಿವೆ. ಅದೇ ಮಾತನ್ನು ಹೊಟ್ಟೆ ತುಂಬಿದವರು ಅವಶೇಷದಡಿ ಸತ್ತವರ ಕಡೆಗೆ ತಿರುಗಿಸಿದರೆ, ವಾಕ್ಯ ಅದೇ ಇದ್ದರೂ ಅರ್ಥ ಬುಡಮೇಲಾಗುತ್ತದೆ.

ಕಟ್ಟಡ ಕುಸಿದು ಸತ್ತವರ ಬಗ್ಗೆ ಯೇಸುಸ್ವಾಮಿಯೇ ಮಾತನಾಡಿದ್ದಾರೆ. ಲೂಕ 13ನೆಯ ಅಧ್ಯಾಯದ ಮೊದಲ ಐದು ವಚನ ನೋಡಿ. ಯೆರೂಸಲೇಮಿನ ಸಿಲೋವದಲ್ಲಿ ಬುರುಜು ಬಿದ್ದು 18 ಜನ ಸತ್ತಿದ್ದರು. ಊರಲ್ಲಿ ಉಳಿದವರಿಗಿಂತ ಆ 18 ಜನ ಹೆಚ್ಚು ಅಪರಾಧಿಗಳೆಂದು ಭಾವಿಸುತ್ತೀರೋ ಎಂದು ಕೇಳಿ, ಅವರೇ ‘ಇಲ್ಲ’ ಎಂದು ಉತ್ತರ ಕೊಡುತ್ತಾರೆ. ಆಮೇಲೆ ಮಾತನ್ನು ಕೇಳುಗರ ಕಡೆಗೆ ತಿರುಗಿಸಿ, ನೀವು ಮನಸ್ಸು ತಿರುಗಿಸಿಕೊಳ್ಳಿ ಎನ್ನುತ್ತಾರೆ. ತೀರ್ಪಿನ ಮಾತು ಅಲ್ಲಿಯೂ ಇದೆ, ಕಟುವಾಗಿಯೇ ಇದೆ. ಆದರೆ ಅದು ಬದುಕಿ ನಿಂತು ಸತ್ತವರ ಲೆಕ್ಕ ಹಾಕುತ್ತಿದ್ದವರಿಗೆ ಹೇಳಿದ್ದು. ನಿಮ್ಮ ಕೂಟದ ಪ್ರಸಂಗ ಈ ಐದು ವಚನಗಳಿಂದ ಶುರುವಾಗಿದ್ದರೆ ನಿಮ್ಮ ಮಗಳು ಎದ್ದು ಹೋಗುತ್ತಿರಲಿಲ್ಲ.

ಮುಂಬಯಿಯವರಿಗೆ ಇದನ್ನು ಅರ್ಥ ಮಾಡಿಕೊಳ್ಳಲು ದೂರ ಹೋಗಬೇಕಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಅದೇ ದಿನ ಅದೇ ನಗರದ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿಲಿಮೀಟರ್. ಮಳೆಯನ್ನೇ ತೀರ್ಪೆಂದು ಓದುವವರು ನೀರಲ್ಲಿ ಮುಳುಗಿದ ಕುರ್ಲಾ, ಕಲೀನಾದವರು ದುಷ್ಟರು, ಕೊಲಾಬಾದವರು ನೀತಿವಂತರು ಎಂದು ಹೇಳಲು ಸಿದ್ಧರಿದ್ದಾರೆಯೇ? ಆ ದಿನ ಜನ ಮುಳುಗಿದ್ದಕ್ಕೆ ಕಾರಣಗಳು ಕಣ್ಣೆದುರೇ ಇದ್ದವು. ಗಂಟೆಗೆ 25 ಮಿಲಿಮೀಟರ್ ಮಳೆಗೆಂದು ಲೆಕ್ಕ ಹಾಕಿ ಕಟ್ಟಿದ ಹಳೇ ಚರಂಡಿಗಳು, ಒತ್ತುವರಿಯಾಗಿ ಇಕ್ಕಟ್ಟಾದ ಮೀಠಿ ನದಿ, ಮೇಲಿಂದ ಕಡಲಿನ ಭರತ. ನೀತಿವಂತರ ಮೇಲೂ ಅನೀತಿವಂತರ ಮೇಲೂ ದೇವರು ಮಳೆ ಸುರಿಸುತ್ತಾನೆ ಎಂದು ಮತ್ತಾಯ 5:45ರಲ್ಲಿ ಓದುವ ನಾವು ಮಳೆ ನೋಡಿ ಮನುಷ್ಯರನ್ನು ಅಳೆಯಬಾರದು.

ಈಗ ಆ ಪ್ರಸಂಗಿ ಎತ್ತಿಕೊಂಡ ಎರಡು ಚಿತ್ರಗಳಿಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಿಮ್ಮ ಮಗಳಿಗೆ ಬೇಕಾದ ಉತ್ತರ ಇಲ್ಲಿದೆ.

ಹೊಟ್ಟಿನ ಚಿತ್ರ ಬರುವುದು ಒಂದನೆಯ ಕೀರ್ತನೆಯಲ್ಲಿ. ಗದಗ ಸೀಮೆಯವರಾದ ನಿಮಗೆ ಕಣ, ರಾಶಿ, ತೂರುವುದು ಏನೆಂದು ನಾನು ವಿವರಿಸಬೇಕಿಲ್ಲ. ಇಸ್ರಾಯೇಲ್ ನಾಡಿನಲ್ಲಿಯೂ ಗಾಳಿ ಚೆನ್ನಾಗಿ ಬೀಸುವ ಬಯಲಿನಲ್ಲಿ ಕಣ ಮಾಡುತ್ತಿದ್ದರು. ರೂತಳ ಕಥೆಯಲ್ಲಿ ಬೋವಜನು ರಾತ್ರಿ ಕಣದಲ್ಲಿ ಜವೆಗೋದಿ ತೂರುವುದು ನೆನಪಿರಬಹುದು. ಹಿಂಸೆಯ ಸುಳಿವು ಈ ಚಿತ್ರದಲ್ಲಿಲ್ಲ. ಕಾಳಿಗೆ ತೂಕವಿದೆ, ಅದು ರಾಶಿಯಾಗಿ ಬೀಳುತ್ತದೆ. ಹೊಟ್ಟಿಗೆ ತೂಕವಿಲ್ಲ, ಗಾಳಿ ಒಯ್ಯುತ್ತದೆ. ಇಂದು ಊರನ್ನೇ ಆಳುವಂತೆ ಕಾಣುವ ದುಷ್ಟನು ದೇವರ ಮುಂದೆ ನಿಲ್ಲುವ ತೂಕವಿಲ್ಲದವನು ಎಂದು ಬಡ ಭಕ್ತನೊಬ್ಬ ತನಗೆ ತಾನೇ ಹೇಳಿಕೊಳ್ಳುವ ಧೈರ್ಯ ಅದು. ಯೇಸುವಿಗೆ ಮುಂಚೆ ಬಂದ ಪ್ರವಾದಿ ಸ್ನಾನಿಕ ಯೋಹಾನನು ಹೊಟ್ಟು ತೂರುವ ಮೊರದ ಮಾತೆತ್ತಿದಾಗಲೂ ಆ ಮೊರ ಬರಲಿರುವ ಕರ್ತನ ಕೈಯಲ್ಲಿದೆ, ಯೋಹಾನನ ಕೈಯಲ್ಲಿಲ್ಲ.

ಇದೇ ಹೊಟ್ಟಿನ ಮಾತು, ನೀತಿವಂತನಾಗಿದ್ದೂ ಎಲ್ಲವನ್ನೂ ಕಳೆದುಕೊಂಡ ಯೋಬನ ಪುಸ್ತಕದಲ್ಲಿ ಪ್ರಶ್ನೆಯಾಗಿ ತಿರುಗಿ ನಿಲ್ಲುತ್ತದೆ. ಯೋಬನ ಮಕ್ಕಳು ಹೇಗೆ ಸತ್ತರೆಂದು ನೆನೆಸಿಕೊಳ್ಳಿ. ಹಿರಿಯ ಮಗನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಅರಣ್ಯದ ಕಡೆಯಿಂದ ಬಿರುಗಾಳಿ ಎದ್ದು, ಮನೆಯ ನಾಲ್ಕು ಮೂಲೆಗೂ ಬಡಿದು, ಮನೆ ಅವರ ಮೇಲೆ ಕುಸಿಯಿತು. ಏಳು ಗಂಡುಮಕ್ಕಳು, ಮೂರು ಹೆಣ್ಣುಮಕ್ಕಳು ಹೋದರು. ಆಮೇಲೆ ಮೂವರು ಗೆಳೆಯರು ಬಂದರು. ಏಳು ದಿನ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದಾಗ ಬಿಲ್ದದನು ಏನೆಂದ? ನಿನ್ನ ಮಕ್ಕಳು ಪಾಪ ಮಾಡಿದ್ದರಿಂದ ದೇವರು ಅವರನ್ನು ಅವರ ದ್ರೋಹಕ್ಕೇ ಒಪ್ಪಿಸಿಬಿಟ್ಟನು ಎಂಬರ್ಥದ ಮಾತನ್ನು, ಹತ್ತು ಮಕ್ಕಳನ್ನು ಕಳೆದುಕೊಂಡ ತಂದೆಯ ಮುಖಕ್ಕೇ ಹೇಳಿದ. 18ನೆಯ ಅಧ್ಯಾಯದಲ್ಲಿ ಮತ್ತೆ ಶುರು ಮಾಡುತ್ತಾನೆ: ದುಷ್ಟನ ದೀಪ ಆರಿಹೋಗುವುದು, ಬೇರು ಒಣಗುವುದು, ಅವನ ಬಿಡಾರದ ಮೇಲೆ ಗಂಧಕ ಚೆಲ್ಲಲ್ಪಡುವುದು. ನಿಮ್ಮ ಕೂಟದಲ್ಲಿ ಕೇಳಿದ ಪ್ರಸಂಗ ಆಗಲೇ ಒಮ್ಮೆ ಆಗಿಹೋಗಿದೆ, ಗಂಧಕವನ್ನೂ ಬಿಡದೆ.

ಇದಕ್ಕೆ ಯೋಬನ ಉತ್ತರ 21ನೆಯ ಅಧ್ಯಾಯದಲ್ಲಿದೆ. ದುಷ್ಟರ ದೀಪ ಆರಿಹೋಗುವುದು ಎಷ್ಟು ಸಲ? ಅವರು ಗಾಳಿಗೆ ಸಿಕ್ಕ ಹುಲ್ಲಿನಂತೆ, ಹೊಟ್ಟಿನಂತೆ ಹಾರಿಹೋಗುವುದನ್ನು ನಾವು ಕಂಡದ್ದೆಷ್ಟು ಸಲ? ದುಷ್ಟರು ಮುಪ್ಪಿನವರೆಗೆ ಬದುಕುತ್ತಾರೆ, ಅವರ ಮನೆಗಳು ಸುರಕ್ಷಿತವಾಗಿವೆ, ಅವರ ದನ ಗಬ್ಬವಾಗುತ್ತವೆ, ಮಕ್ಕಳು ಕುಣಿದಾಡುತ್ತಾರೆ ಎಂದು ಕಣ್ಣಾರೆ ಕಂಡದ್ದನ್ನು ಬಿಡಿಸಿಡುತ್ತಾನೆ. ಅಂದರೆ ಒಂದನೆಯ ಕೀರ್ತನೆಯ ಭರವಸೆಯನ್ನು ಕಣ್ಣೆದುರಿನ ಲೋಕದ ವರದಿ ಎಂದು ಓದಬೇಡಿ ಎಂದು ಸತ್ಯವೇದದೊಳಗೇ ಒಬ್ಬ ಭಕ್ತ ಜಗಳವಾಡುತ್ತಿದ್ದಾನೆ. ಕಡೆಗೆ ದೇವರು ಯಾರ ಪಕ್ಷ ಹಿಡಿದನು? 42:7ರಲ್ಲಿ ಎಲೀಫಜನಿಗೆ, ನೀನೂ ನಿನ್ನ ಇಬ್ಬರು ಗೆಳೆಯರೂ ಯೋಬನಂತೆ ನನ್ನ ವಿಷಯದಲ್ಲಿ ಸರಿಯಾಗಿ ಮಾತನಾಡಲಿಲ್ಲ, ನಿಮ್ಮ ಮೇಲೆ ನನಗೆ ಸಿಟ್ಟು ಬಂದಿದೆ ಎನ್ನುತ್ತಾನೆ. ದೇವರ ಪರವಾಗಿ ವಾದಿಸುತ್ತೇವೆಂದುಕೊಂಡವರೇ ಅಲ್ಲಿ ತಪ್ಪಿತಸ್ಥರಾದರು. ನಿಮ್ಮ ಮಗಳು ಆ ದಿನ ಎದ್ದು ಹೊರಗೆ ಹೋದದ್ದು ಅಪನಂಬಿಕೆಯಿಂದ ಎಂದು ನನಗೆ ಅನಿಸುವುದಿಲ್ಲ. ಗೆಳತಿಯ ಅಜ್ಜಿಯ ಪರವಾಗಿ ಎದ್ದವಳು ಯೋಬನ ಕಡೆಯವಳು. ಅವಳಿಗೆ ಇದನ್ನು ಈ ಮಾತುಗಳಲ್ಲೇ ಹೇಳಿ. ಸಭೆಗೆ ಬಾ ಎಂದು ಈಗಲೇ ಒತ್ತಾಯಿಸಬೇಡಿ. ಮೊದಲು ಅವಳ ಜೊತೆ ಆ ಗೆಳತಿಯ ಮನೆಗೆ ಹೋಗಿ ಬನ್ನಿ.

ಸೊದೋಮಿನ ಕಥೆಗೂ ಇಂಥದೇ ಗತಿಯಾಗಿದೆ. ಆದಿಕಾಂಡ 19ರ ಬೆಂಕಿ ಎಲ್ಲರಿಗೂ ನೆನಪಿರುತ್ತದೆ, 18ನೆಯ ಅಧ್ಯಾಯ ಮರೆತುಹೋಗುತ್ತದೆ. ಅಲ್ಲಿ ಅಬ್ರಹಾಮನು ದೇವರೆದುರು ನಿಂತು ಆ ಊರಿಗಾಗಿ ಬೇಡುತ್ತಾನೆ. 50 ಮಂದಿ ನೀತಿವಂತರಿದ್ದರೆ ಉಳಿಸುವೆಯಾ ಎಂದು ಶುರುವಾಗಿ 45, 40, 30, 20, ಕಡೆಗೆ 10ಕ್ಕೆ ಇಳಿಯುತ್ತದೆ ಮಾತು. ತೀರ್ಪಿನ ಸುದ್ದಿ ಕೇಳಿದ ನಂಬಿಗಸ್ತ ಮಾಡಿದ ಮೊದಲ ಕೆಲಸ, ತನ್ನದಲ್ಲದ ಊರಿನ ಜನರ ಪರವಾಗಿ ದೇವರೊಡನೆ ವಾದಿಸಿದ್ದು. ಮುಂಬಯಿಯನ್ನು ಸೊದೋಮಿಗೆ ಹೋಲಿಸುವವರು ಅಬ್ರಹಾಮನ ಜಾಗದಲ್ಲಿ ನಿಂತಿದ್ದಾರೆಯೇ ಎಂದು ಕೇಳಬೇಕು.

ಆ ಊರಿನ ಪಾಪ ಯಾವುದು? ಯೆಹೆಜ್ಕೇಲ 16:49 ಪಟ್ಟಿ ಕೊಡುತ್ತದೆ: ಸೊಕ್ಕು, ಹೊಟ್ಟೆ ತುಂಬ ಅನ್ನ, ಚಿಂತೆಯಿಲ್ಲದ ಸುಖ, ಮತ್ತು ಇಷ್ಟೆಲ್ಲ ಇದ್ದೂ ದೀನದರಿದ್ರರ ಕೈ ಹಿಡಿಯದಿದ್ದದ್ದು. ಮುಂದಿನ ವಚನದಲ್ಲಿ ಅಸಹ್ಯಕಾರ್ಯಗಳ ಮಾತೂ ಇದೆ, ಅದನ್ನು ಮುಚ್ಚಿಡುತ್ತಿಲ್ಲ. ಆದರೆ ಪಟ್ಟಿ ಶುರುವಾಗುವುದು ಸೊಕ್ಕು ಮತ್ತು ತುಂಬಿದ ಹೊಟ್ಟೆಯಿಂದ. ಯೆಹೆಜ್ಕೇಲನು ಇದನ್ನು ಪರವೂರಿನವರಿಗೆ ಹೇಳುತ್ತಿಲ್ಲ ಎಂಬುದನ್ನೂ ಗಮನಿಸಿ. ಯೆರೂಸಲೇಮೇ, ಸೊದೋಮು ನಿನ್ನ ತಂಗಿ, ಅವಳಿಗಿಂತ ನೀನು ಹೆಚ್ಚು ಕೆಟ್ಟಿದ್ದೀ ಎಂದು ತನ್ನ ಜನಕ್ಕೇ ಹೇಳುತ್ತಿದ್ದಾನೆ.

ಪ್ರವಾದಿಗಳಲ್ಲಿ ಇದು ಮತ್ತೆ ಮತ್ತೆ ಕಾಣುವ ನಡೆ. ಕ್ರಿಸ್ತಪೂರ್ವ 8ನೆಯ ಶತಮಾನದ ಆಮೋಸನು ದಮಸ್ಕ, ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್ ಎಂದು ನೆರೆಯವರ ಮೇಲೆಲ್ಲ ಬೆಂಕಿ ಕರೆಯುತ್ತಾ ಬರುತ್ತಾನೆ. ಕೇಳುಗರು ತಲೆದೂಗುತ್ತಿರುವಾಗಲೇ ಯೆಹೂದಕ್ಕೆ, ಆಮೇಲೆ ಇಸ್ರಾಯೇಲಿಗೇ ತಿರುಗುತ್ತಾನೆ. ಇಸ್ರಾಯೇಲಿನ ಅಪರಾಧ? ಒಂದು ಜೊತೆ ಕೆರಕ್ಕೆ ಬಡವನನ್ನು ಮಾರಿದ್ದು. ದೇವರು ತೀರ್ಪು ಕೊಡುವ ಯೆಹೋವನ ದಿನ ಬರಲಿ ಎಂದು ಹಾತೊರೆಯುವವರಿಗೆ ಅವನು 5ನೆಯ ಅಧ್ಯಾಯದಲ್ಲಿ ಹೇಳುವ ಮಾತು ನಡುಕ ಹುಟ್ಟಿಸುತ್ತದೆ: ಸಿಂಹದಿಂದ ತಪ್ಪಿಸಿಕೊಂಡವನಿಗೆ ಕರಡಿ ಎದುರಾದಂತೆ, ಹೇಗೋ ಮನೆ ಸೇರಿ ಗೋಡೆಗೆ ಕೈಯಿಟ್ಟಾಗ ಹಾವು ಕಚ್ಚಿದಂತೆ.

ರೌದ್ರದ ಪಾತ್ರೆಯೂ ಹಾಗೆಯೇ. ಯೆರೆಮೀಯ 25ರಲ್ಲಿ ಪ್ರವಾದಿಯು ಆ ಪಾತ್ರೆಯನ್ನು ಎಲ್ಲ ಜನಾಂಗಗಳಿಗೂ ಕುಡಿಸಬೇಕು, ಆದರೆ ಮೊದಲು ಕುಡಿಯುವುದು ಯೆರೂಸಲೇಮು. ದ್ರಾಕ್ಷಿ ತುಳಿಯುವ ತೊಟ್ಟಿಯ ಚಿತ್ರ ಯೆಶಾಯ 63ರಲ್ಲಿ ಎದೋಮಿನ ಮೇಲೆ ಬರುತ್ತದೆ. ಯೆರೂಸಲೇಮು ಬಾಬೆಲಿನವರ ಕೈಗೆ ಬಿದ್ದ ದಿನ ಎದೋಮ್ಯರು ಹಿಗ್ಗಿದ್ದ ಗಾಯ 137ನೆಯ ಕೀರ್ತನೆಯಲ್ಲಿ ಇನ್ನೂ ಹಸಿಯಾಗಿದೆ. ಆದರೆ ಪ್ರಲಾಪಗಳು 1:15ರಲ್ಲಿ ಆ ತೊಟ್ಟಿಯಲ್ಲಿ ತುಳಿಸಿಕೊಳ್ಳುವವಳು ಯೆಹೂದವೆಂಬ ಕನ್ಯೆಯೇ. ಪ್ರಕಟನೆ 14ರಲ್ಲಿ ಅದೇ ತೊಟ್ಟಿಯಿಂದ ಕುದುರೆಗಳ ಕಡಿವಾಣದ ಎತ್ತರಕ್ಕೆ ರಕ್ತ ಹರಿಯುತ್ತದೆ, ಸುಮಾರು 300 ಕಿಲೋಮೀಟರ್ ದೂರದವರೆಗೆ. ರೋಮ್ ಸಾಮ್ರಾಜ್ಯದ ಕಾಲಡಿ ಇದ್ದ ಚಿಕ್ಕ ಸಭೆಗಳಿಗೆ ಬರೆದ ದರ್ಶನ ಅದು. ಆ ಪಾತ್ರೆಯನ್ನು ಕಡೆಗೆ, ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ, ಯೇಸುಸ್ವಾಮಿಯೇ ಕೈಗೆತ್ತಿಕೊಂಡರು ಎಂಬುದು ಕ್ರೈಸ್ತರಾದ ನಮಗೆ ಗೊತ್ತಿದೆ. ಶುಭ ಶುಕ್ರವಾರದ ಮಾತುಗಳಲ್ಲಿ ಇದಕ್ಕಿಂತ ಆಳವಾದದ್ದನ್ನು ನಾನು ಕಂಡಿಲ್ಲ.

ನರಕದ ಬೆಂಕಿಯ ಬಗ್ಗೆ ಒಂದೇ ವಿಷಯ. ಯೆರೂಸಲೇಮಿನ ದಕ್ಷಿಣಕ್ಕಿರುವ ಹಿನ್ನೋಮ್ ಕಣಿವೆ ಯೇಸುವಿನ ಕಾಲದಲ್ಲಿ ಸದಾ ಉರಿಯುವ ಕಸದ ತಿಪ್ಪೆಯಾಗಿತ್ತು, ಅದರಿಂದ ಈ ಚಿತ್ರ ಬಂತು ಎಂದು ಎಷ್ಟೋ ಪ್ರಸಂಗಗಳಲ್ಲಿ ಕೇಳುತ್ತೇವೆ. ಆ ವಿವರಣೆ ಸಿಗುವುದು 1200ರ ಸುಮಾರಿನ ಯೆಹೂದಿ ವ್ಯಾಖ್ಯಾನಕಾರ ದಾವೀದ್ ಕಿಮ್ಹಿಯವರಲ್ಲಿ. ಅದಕ್ಕಿಂತ ಹಳೆಯ ಆಧಾರವಿಲ್ಲ, ಉತ್ಖನನದಲ್ಲೂ ಅಂಥ ಗುರುತು ಸಿಕ್ಕಿಲ್ಲ. ಸತ್ಯವೇದ ಆ ಕಣಿವೆಯ ಬಗ್ಗೆ ಹೇಳುವುದು ಇನ್ನೂ ಘೋರ. ಅಲ್ಲಿಯ ತೋಫೆತ್ ಎಂಬಲ್ಲಿ ತಂದೆತಾಯಿಗಳು ಮಕ್ಕಳನ್ನು ಬೆಂಕಿಗೆ ಆಹುತಿ ಕೊಡುತ್ತಿದ್ದರು. ಯೆರೆಮೀಯ 7ರಲ್ಲಿ ದೇವರು, ನಾನು ಇದನ್ನು ಆಜ್ಞಾಪಿಸಲಿಲ್ಲ, ನನ್ನ ಮನಸ್ಸಿಗೂ ಬರಲಿಲ್ಲ ಎನ್ನುತ್ತಾನೆ. ತೀರ್ಪಿನ ಬೆಂಕಿ ಮಕ್ಕಳನ್ನು ಸುಟ್ಟ ಜಾಗದ ಹೆಸರು ಹೊತ್ತಿದೆ. ಬಲಿಯಾದವರ ನೆನಪು ಅದರಲ್ಲಿ ಹೂತಿದೆ.

ಇನ್ನು ನಗರ ಮತ್ತು ಕಟ್ಟಡ. ಬಿದ್ದ ಕಟ್ಟಡದ ಎದುರು ನಿಂತು ಓದಲೇಬೇಕಾದ ವಾಕ್ಯಗಳು ಸತ್ಯವೇದದಲ್ಲಿ ಬೇಕಾದಷ್ಟಿವೆ. ಯೆಶಾಯ 5:8 ಮನೆಗೆ ಮನೆ ಕೂಡಿಸಿ, ಹೊಲಕ್ಕೆ ಹೊಲ ಸೇರಿಸಿ, ಬೇರೆಯವರಿಗೆ ಜಾಗವೇ ಇಲ್ಲದಂತೆ ಮಾಡುವವರಿಗೆ ಧಿಕ್ಕಾರ ಹೇಳುತ್ತದೆ. ಮೀಕ 3 ಜನನಾಯಕರನ್ನು ನನ್ನ ಪ್ರಜೆಯ ಚರ್ಮ ಸುಲಿದು, ಎಲುಬು ಮುರಿದು, ಹಂಡೆಗೆ ಹಾಕುವ ಮಾಂಸದಂತೆ ಕತ್ತರಿಸುವವರು ಎನ್ನುತ್ತದೆ. ಹಬಕ್ಕೂಕ 2:11ರಲ್ಲಿ ಗೋಡೆಯೊಳಗಿನ ಕಲ್ಲು ಕೂಗುತ್ತದೆ, ಮರದ ತೊಲೆ ಅದಕ್ಕೆ ಉತ್ತರ ಕೊಡುತ್ತದೆ. ಮರುವಚನವೇ ರಕ್ತದಿಂದ ಊರು ಕಟ್ಟುವವನಿಗೆ ಧಿಕ್ಕಾರ. ಗೋಡೆ ನಿಲ್ಲುವುದಿಲ್ಲವೆಂದು ಗೊತ್ತಿದ್ದೂ ಬಾಡಿಗೆ ಎಣಿಸುತ್ತಿದ್ದವರು, ಕಂಡೂ ಕಾಣದಂತೆ ಕಡತ ಮುಚ್ಚಿದವರು ಯಾರಾದರೂ ಇದ್ದರೆ ಈ ಮಾತು ಅವರಿಗೆ ಹೇಳಿದ್ದು. ಒಳಗೆ ಮಲಗಿದ್ದ ಅಜ್ಜಿ ಆ ಗೋಡೆಯ ಕಲ್ಲಿನ ಜೊತೆ ಕೂಗಿದವರು.

ಪ್ರಕಟನೆ 18ನ್ನು ಬಂದರಿನ ಊರಲ್ಲಿರುವವರು ನಿಧಾನವಾಗಿ ಓದಬೇಕು. ಬಾಬೆಲೆಂಬ ಮಹಾನಗರ ಬೀಳುವಾಗ ವ್ಯಾಪಾರಿಗಳು, ಹಡಗಿನ ಯಜಮಾನರು, ನಾವಿಕರು ದೂರದಲ್ಲಿ ನಿಂತು ಅಳುತ್ತಾರೆ. ಅವರ ಸರಕಿನ ಪಟ್ಟಿಯೇ ಅಲ್ಲಿದೆ: ಬಂಗಾರ, ಮುತ್ತು, ರೇಷ್ಮೆ, ದಂತ, ದಾಲ್ಚಿನ್ನಿ, ಎಣ್ಣೆ, ಗೋಧಿ, ಕುದುರೆಗಳು. ಪಟ್ಟಿಯ ಕಟ್ಟಕಡೆಯಲ್ಲಿ ಮನುಷ್ಯರ ಶರೀರಗಳು, ಮನುಷ್ಯರ ಪ್ರಾಣಗಳು. ದೇವದೂತನು ದೊಡ್ಡ ಬೀಸುವ ಕಲ್ಲನ್ನು ಸಮುದ್ರಕ್ಕೆ ಎಸೆಯುವುದು ಈ ಪಟ್ಟಿ ಓದಿದ ಮೇಲೆ.

ಈಗ ನಿಮ್ಮ 109ನೆಯ ಕೀರ್ತನೆ. ಅದರ ಶಾಪಗಳು ಎಷ್ಟು ಉಗ್ರವೆಂದರೆ ಕಥೋಲಿಕ ಸಭೆಯು 1971ರಲ್ಲಿ ತನ್ನ ದಿನದ ಪ್ರಾರ್ಥನಾ ವಿಧಿಯನ್ನು ಹೊಸದಾಗಿ ಹೊರತಂದಾಗ 58, 83 ಮತ್ತು 109ನೆಯ ಕೀರ್ತನೆಗಳನ್ನು ಅದರಿಂದ ಪೂರ್ತಿ ಕೈಬಿಟ್ಟಿತು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೂ ಬಿಡಬಾರದಿತ್ತು ಎಂಬುದು ನನ್ನ ಅಭಿಪ್ರಾಯ. 58ನೆಯ ಕೀರ್ತನೆ ಅನ್ಯಾಯದ ತೀರ್ಪು ಕೊಡುವ ಅಧಿಕಾರಿಗಳ ಮೇಲೆ ಹಾಡಿದ್ದು. ಕೋರ್ಟಿನಲ್ಲೂ ನ್ಯಾಯ ಸಿಗದವರ ಬಾಯಿಂದ ಇಂಥ ಪ್ರಾರ್ಥನೆಯನ್ನೂ ಕಿತ್ತುಕೊಂಡರೆ ಅವರಿಗೆ ಉಳಿಯುವುದೇನು?

109ನ್ನು ಓದಿ, ಆದರೆ ಪೂರ್ತಿ ಓದಿ. ಆರರಿಂದ ಹತ್ತೊಂಬತ್ತನೆಯ ವಚನದವರೆಗಿನ ಶಾಪಗಳನ್ನು ಭಕ್ತನ ಮೇಲೆ ಅವನ ವೈರಿಗಳೇ ಹಾಕಿದ್ದು, ಅವನು ಅದನ್ನು ದೇವರಿಗೆ ಒಪ್ಪಿಸುತ್ತಿದ್ದಾನೆ ಎಂದು ಓದುವ ವಿದ್ವಾಂಸರೂ ಇದ್ದಾರೆ. ಹೇಗೆ ಓದಿದರೂ ಅವನ ಮಕ್ಕಳು ಭಿಕ್ಷೆ ಬೇಡಲಿ ಎಂಬ ಸಾಲನ್ನು ಬಿಲ್ಡರ್‌ನ ಮಕ್ಕಳ ಮುಖ ನೆನೆದು ಹೇಳಬೇಡಿ. ಆ ಮಕ್ಕಳು ನಿಮ್ಮ ಹಣ ಮುಟ್ಟಲಿಲ್ಲ. ತಂದೆಯ ದೋಷವನ್ನು ಮಗ ಹೊರುವುದಿಲ್ಲ ಎಂದು ಯೆಹೆಜ್ಕೇಲ 18 ಸ್ಪಷ್ಟವಾಗಿ ಹೇಳುತ್ತದೆ; ದುಷ್ಟನು ಸಾಯುವುದರಲ್ಲಿ ನನಗೆ ಸಂತೋಷವುಂಟೋ ಎಂದು ದೇವರು ಕೇಳುವುದೂ ಅದೇ ಅಧ್ಯಾಯದಲ್ಲಿ. ನಿಮ್ಮ ಮೊರೆ ನಿಲ್ಲಬೇಕಾದ್ದು 16ನೆಯ ವಚನದ ಮೇಲೆ. ಅವನು ದಯೆ ತೋರಿಸುವುದನ್ನು ಮರೆತು ದೀನನನ್ನು, ಮನನೊಂದವನನ್ನು ಬೆನ್ನಟ್ಟಿದನು ಎಂಬ ಆರೋಪ ಅಲ್ಲಿದೆ, ಅದು ನಿಮ್ಮ ದೂರೇ. 31ನೆಯ ವಚನದಲ್ಲಿ ದೇವರು ದರಿದ್ರನ ಬಲಗಡೆಯಲ್ಲಿ ಬಂದು ನಿಲ್ಲುತ್ತಾನೆ. ಅಲ್ಲಿಯವರೆಗೆ ಓದದೆ ಪುಸ್ತಕ ಮುಚ್ಚಬೇಡಿ.

ನಿದ್ದೆ ಬರದ ರಾತ್ರಿ ಅವನು ಹಾಳಾಗಲಿ ಎಂದು ದೇವರಿಗೆ ಹೇಳುವುದಕ್ಕೂ ಅವನನ್ನು ಹಾಳು ಮಾಡಲು ನಾವೇ ಹೊರಡುವುದಕ್ಕೂ ತುಂಬ ಅಂತರವಿದೆ. ಮುಯ್ಯಿ ತೀರಿಸುವುದು ನನ್ನ ಕೆಲಸ ಎಂದು ಕರ್ತನು ಹೇಳುತ್ತಾನೆಂದು ರೋಮಾಪುರದವರಿಗೆ ಬರೆದ ಪತ್ರದ 12ನೆಯ ಅಧ್ಯಾಯ ನೆನಪಿಸುತ್ತದೆ. ಸಮಾರ್ಯದ ಹಳ್ಳಿಯೊಂದರ ಮೇಲೆ ಬೆಂಕಿ ಸುರಿಯಲು ಶಿಷ್ಯರಾದ ಯಾಕೋಬ ಯೋಹಾನರು ಅಪ್ಪಣೆ ಕೇಳಿದಾಗ ಯೇಸುಸ್ವಾಮಿ ಅವರನ್ನು ಗದರಿಸಿದರು. ಯೇಸು ಹೇಳಿದ ಸಾಮ್ಯದಲ್ಲಿ ಗೋಧಿಯ ನಡುವಿನ ಹಣಜಿ ಎಂಬ ಕಳೆ ಕೀಳಲು ಆಳುಗಳು ಹೊರಟಾಗ ಯಜಮಾನನು ಸುಗ್ಗಿಯವರೆಗೆ ಎರಡೂ ಬೆಳೆಯಲಿ ಎಂದು ತಡೆದನು. ನಹೂಮನ ಪುಸ್ತಕ ಅಸ್ಸೂರ್ಯರ ರಾಜಧಾನಿ ನಿನೆವೆ ಬೀಳುವುದನ್ನು ಕಂಡು ಚಪ್ಪಾಳೆ ತಟ್ಟುತ್ತದೆ, ಆ ನಗರ ಕ್ರಿಸ್ತಪೂರ್ವ 612ರಲ್ಲಿ ಬಿತ್ತೂ ಹೌದು. ಅದೇ ಸತ್ಯವೇದದಲ್ಲಿ ಯೋನನ ಪುಸ್ತಕವೂ ಇದೆ: ಎಡಗೈ ಬಲಗೈ ತಿಳಿಯದ 1,20,000ಕ್ಕೂ ಹೆಚ್ಚು ಜನರೂ ಬಹಳ ದನಗಳೂ ಇರುವ ಆ ನಿನೆವೆಗಾಗಿ ನಾನು ಕನಿಕರಪಡಬಾರದೋ ಎಂದು ದೇವರು ಕೇಳುತ್ತಾನೆ. ಎರಡೂ ಪುಸ್ತಕಗಳನ್ನು ಒಟ್ಟಿಗೆ ಇಟ್ಟುಕೊಂಡವರು ನಮ್ಮ ಹಿರಿಯರು.

ಕೀರ್ತನೆ ಓದುತ್ತೇವೆಂದು ಕಾನೂನಿನ ದಾರಿ ಬಿಡಬೇಡಿ. ಲೂಕ 18ರ ವಿಧವೆ ದೇವರಿಗೂ ಹೆದರದ, ಮನುಷ್ಯರನ್ನೂ ಲೆಕ್ಕಿಸದ ನ್ಯಾಯಾಧಿಪತಿಯ ಬಾಗಿಲಿಗೆ ಪದೇಪದೇ ಹೋಗಿ, ನ್ಯಾಯ ತೀರಿಸು ಎಂದು ಕೇಳಿದಳು. ಬೇಸರಗೊಳ್ಳದೆ ಪ್ರಾರ್ಥಿಸಬೇಕೆಂಬುದಕ್ಕೆ ಯೇಸುಸ್ವಾಮಿ ಕೊಟ್ಟ ಉದಾಹರಣೆ ಇವಳೇ. ರಿಯಲ್ ಎಸ್ಟೇಟ್ ಕಾಯ್ದೆ 2016ರಲ್ಲಿ ಬಂತು, ಮಹಾರಾಷ್ಟ್ರದಲ್ಲಿ ಆ ಕಾಯ್ದೆಯಡಿಯ ಪ್ರಾಧಿಕಾರವಾದ ಮಹಾರೇರಾ 2017ರಿಂದ ಕೆಲಸ ಮಾಡುತ್ತಿದೆ. ಒಪ್ಪಿದ ದಿನಕ್ಕೆ ಫ್ಲ್ಯಾಟ್ ಕೈಗೆ ಸಿಗದಿದ್ದರೆ ಬಡ್ಡಿ ಸಹಿತ ಹಣ ವಾಪಸ್ ಕೇಳಲು, ಅಥವಾ ಫ್ಲ್ಯಾಟೇ ಬೇಕೆಂದರೆ ತಡವಾದ ತಿಂಗಳುಗಳಿಗೆ ಬಡ್ಡಿ ಕೇಳಲು ಆ ಕಾಯ್ದೆಯ 18ನೆಯ ಕಲಮು ಹಕ್ಕು ಕೊಡುತ್ತದೆ. ನಿಮ್ಮ ಯೋಜನೆ ಅಲ್ಲಿ ನೋಂದಣಿಯಾಗಿದೆಯೇ ಎಂದು ಮೊದಲು ನೋಡಿ. ಕರಾರುಪತ್ರ, ಹಣ ಕೊಟ್ಟ ರಸೀದಿಗಳು, ಬ್ಯಾಂಕಿನ ಪಾಸ್‌ಬುಕ್ ಎಲ್ಲವನ್ನೂ ದಿನಾಂಕದ ಪ್ರಕಾರ ಜೋಡಿಸಿಟ್ಟು ವಕೀಲರೊಬ್ಬರಿಗೆ ತೋರಿಸಿ. ದೂರನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು, ನಿಮ್ಮ ಮಗಳು ಸಹಾಯ ಮಾಡಿಯಾಳು. ಅದೇ ಬಿಲ್ಡರ್‌ಗೆ ಹಣ ಕೊಟ್ಟು ಕಾಯುತ್ತಿರುವ ಬೇರೆ ಕುಟುಂಬಗಳಿದ್ದರೆ, ಅವರು ಯಾವ ಧರ್ಮದವರೇ ಆಗಿರಲಿ, ಅವರನ್ನೂ ಜೊತೆಗೆ ಕರೆದುಕೊಳ್ಳಿ.